ಗಿಲೀಟಿನ ಕೆಳಗಿನ ಕಥೆ

ಕೋಲಾರದ ಪೇಟೆಯಲ್ಲಾಗಲಿ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಹಳೆಯ ಬೀದಿಗಳಲ್ಲಾಗಲಿ ತಾತನ ಕಾಲದ ಮನೆಯೊಂದನ್ನು ಕೆಡವಲು ಹೊರಟಾಗ ಗೋಡೆಯ ಗೂಡಿನಲ್ಲೋ ಅಟ್ಟದ ಮೇಲಿನ ಟ್ರಂಕಿನಲ್ಲೋ ಕೆಲವು ಸಾಮಾನುಗಳು ಕೈಗೆ ಸಿಗುವುದುಂಟು. ಕಡ್ಡಿ ಮುರಿದ ಕನ್ನಡಕ, ಶಾಯಿ ಒಣಗಿದ ಪೆನ್ನು, ಪಾದರಸ ಕಳಚಿದ ಕೈಗನ್ನಡಿ, ಅದರ ಪಕ್ಕದಲ್ಲೊಂದು ಸೇಫ್ಟಿ ರೇಜರು. ಅದರ ಹಿಡಿ ಕಪ್ಪಾಗಿರುತ್ತದೆ. ತಲೆಯ ಸಂದುಗಳಲ್ಲಿ ಸೋಪು ಸುಣ್ಣದಂತೆ ಗಟ್ಟಿಯಾಗಿ ಕುಳಿತಿರುತ್ತದೆ. ತಿರುಗಿಸಿ ಬಿಚ್ಚಲು ಹೋದರೆ ಬಿಚ್ಚುವುದಿಲ್ಲ. ಆಗ ಮನೆಯ ಹಿರಿಯರು ಹೇಳುವುದು ಒಂದೇ ಮಾತು: 'ಹಿತ್ತಾಳೆ ತಾನೇ? ಹುಣಸೆಹಣ್ಣು ಹಾಕಿ ತಿಕ್ಕು, ಫಳಫಳ ಅನ್ನುತ್ತೆ.'

ಈ ಮಾತು ಅರ್ಧ ನಿಜ. ಹಳೆಯ ಸೇಫ್ಟಿ ರೇಜರುಗಳಲ್ಲಿ ಬಹಳಷ್ಟರ ಒಳಮೈ ಹಿತ್ತಾಳೆಯೇ. ಆದರೆ ಮೇಲೆ ಬೆಳ್ಳಿಯದೋ ನಿಕ್ಕಲಿನದೋ ಚಿನ್ನದ್ದೋ ತೆಳುವಾದ ಲೇಪ ಇರುತ್ತದೆ. ನಮ್ಮ ಜನ ಅದಕ್ಕೆ ಗಿಲೀಟು ಎನ್ನುತ್ತಾರೆ. ಬಿಂದಿಗೆ, ತಂಬಿಗೆಗಳನ್ನು ಹುಣಸೆಹಣ್ಣು, ಬೂದಿ, ಇಟ್ಟಿಗೆ ಪುಡಿ ಹಾಕಿ ಬೆಳಗಿದರೆ ಅವು ಹೊಸದಾಗುತ್ತವೆ. ರೇಜರನ್ನು ಹಾಗೆ ಬೆಳಗಿದರೆ ಹೊಳೆಯುವುದೇನೋ ನಿಜ, ಆದರೆ ಹಾಗೆ ಹೊಳೆಯುವುದು ಗಿಲೀಟು ಕಳೆದುಕೊಂಡ ಬರೀ ಹಿತ್ತಾಳೆ. ಕೊಳೆಯ ಜೊತೆಗೆ ಆ ವಸ್ತುವಿನ ವಯಸ್ಸು, ಊರು, ಬೆಲೆ ಎಲ್ಲವೂ ಬಚ್ಚಲಿಗೆ ಹರಿದು ಹೋಗಿರುತ್ತವೆ.

ಹಾಗಾದರೆ ಯಾವುದನ್ನು ತೆಗೆಯಬೇಕು, ಯಾವುದನ್ನು ಉಳಿಸಬೇಕು? ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ಕ್ಷೌರದ ಚರಿತ್ರೆಯಷ್ಟೇ ಅಲ್ಲ, ನಮ್ಮ ಊರುಗಳ ಚರಿತ್ರೆಯೂ ತೆರೆದುಕೊಳ್ಳುತ್ತದೆ.

ಹಡಪ ಹೊತ್ತು ಬರುತ್ತಿದ್ದವರು

ಸೇಫ್ಟಿ ರೇಜರು ಬರುವುದಕ್ಕೆ ಮುಂಚೆ ನಮ್ಮ ಹಳ್ಳಿಗಳಲ್ಲಿ ತನ್ನ ಗಡ್ಡವನ್ನು ತಾನೇ ತೆಗೆದುಕೊಳ್ಳುವ ರೂಢಿ ಅಷ್ಟಾಗಿ ಇರಲಿಲ್ಲ. ಕ್ಷೌರಿಕರು ಕತ್ತಿ, ಕತ್ತರಿ, ಸಾಣೆಕಲ್ಲು, ಬಟ್ಟಲುಗಳನ್ನಿಟ್ಟ ಹಡಪ ಹಿಡಿದು ಮನೆ ಮನೆಗೆ ಬರುತ್ತಿದ್ದರು. ಜಗಲಿಯ ಮೇಲೋ ಹಿತ್ತಲಿನಲ್ಲೋ ಕೆಲಸ ನಡೆಯುತ್ತಿತ್ತು. ಮಂಗಳವಾರ, ಶುಕ್ರವಾರ, ಅಮಾವಾಸ್ಯೆಗಳಲ್ಲಿ ಕ್ಷೌರ ಕೂಡದು. ಮಾಡಿಸಿಕೊಂಡವರು ಸ್ನಾನ ಮಾಡದೆ ಒಳಗೆ ಕಾಲಿಡುವಂತಿಲ್ಲ. ಸಂತೆಯ ದಿನ ಮರದ ನೆರಳಿನಲ್ಲಿ ಕಲ್ಲು ಹಾಕಿ ಕೂಡಿಸಿ ಕ್ಷೌರ ಮಾಡುವುದೂ ಇತ್ತು.

ಈ ಸೇವೆಗೆ ನಗದು ಕೂಲಿ ಇರಲಿಲ್ಲ. ಸುಗ್ಗಿಯ ಕಾಲಕ್ಕೆ ಕಣದಲ್ಲಿ ರಾಶಿ ಮಾಡಿದಾಗ ಇಷ್ಟು ಎಂದು ಕಾಳು ಕೊಡುತ್ತಿದ್ದರು. ಇದಕ್ಕೆ ಆಯ ಎಂದು ಹೆಸರು, ಅದನ್ನು ಪಡೆಯುವವರು ಆಯಗಾರರು. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್, 1810ರಲ್ಲಿ ಮೊದಲ ಸಂಪುಟ ಹೊರಬಂದ ತಮ್ಮ ದಕ್ಷಿಣ ಭಾರತದ ಚರಿತ್ರೆಯಲ್ಲಿ ಹಳ್ಳಿಯ ಆಯಗಾರರ ಪಟ್ಟಿಯನ್ನೇ ಕೊಟ್ಟಿದ್ದಾರೆ. ಗೌಡ, ಶಾನುಭೋಗ, ತಳವಾರ, ನೀರುಗಂಟಿ, ಜೋಯಿಸ, ಕಮ್ಮಾರ, ಬಡಗಿ, ಕುಂಬಾರ, ಅಗಸ ಇವರ ಸಾಲಿನಲ್ಲೇ ಕ್ಷೌರಿಕನೂ ಇದ್ದಾನೆ. ಅಂದರೆ ಕ್ಷೌರಿಕ ಒಬ್ಬ ಗಿರಾಕಿಯ ಕೆಲಸಗಾರನಲ್ಲ, ಇಡೀ ಊರಿನ ಕೆಲಸಗಾರ.

ಆದರೆ 'ಇಡೀ ಊರು' ಎಂಬ ಮಾತಿಗೆ ಒಂದು ಗಡಿ ಇತ್ತು. ಕೇರಿಯ ಜನ ಆ ಊರಿಗೆ ಸೇರಿದವರಲ್ಲ. ಊರಿನವರ ಗಡ್ಡ ತೆಗೆದ ಕತ್ತಿ ಅಸ್ಪೃಶ್ಯರ ಕೆನ್ನೆಯನ್ನು ಮುಟ್ಟುವಂತಿರಲಿಲ್ಲ. ಮುಟ್ಟಿದರೆ ಉಳಿದವರು ಆ ಕ್ಷೌರಿಕನಿಂದ ಕೆಲಸ ಮಾಡಿಸಿಕೊಳ್ಳುವುದಿಲ್ಲ, ಕಣದಲ್ಲಿ ಅವನ ಆಯವೂ ನಿಲ್ಲುತ್ತದೆ. ಇನ್ನೊಂದು ಕಡೆ ಅದೇ ಕತ್ತಿ, ಬೇಡವೆಂದರೂ ಬಿಡದೆ ಬ್ರಾಹ್ಮಣ ವಿಧವೆಯರ ತಲೆಯ ಮೇಲೆ ಆಡುತ್ತಿತ್ತು. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಕಾದಂಬರಿ ಓದಿದವರಿಗೆ ಆ ನೋವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಬೇಕೆಂದವರಿಗೆ ನಿಷೇಧ, ಬೇಡವೆಂದವರಿಗೆ ಕಡ್ಡಾಯ. ಎರಡರಲ್ಲೂ ಕತ್ತಿ ಹಿಡಿದ ಕೈಗೆ ಸ್ವಂತ ಇಚ್ಛೆ ಇರಲಿಲ್ಲ ಎಂಬುದನ್ನೂ ಮರೆಯಬಾರದು. ಕ್ಷೌರ ಮಾಡಿಸಿಕೊಂಡವರು ಸ್ನಾನ ಮಾಡಬೇಕಾಗಿತ್ತು ಎಂದರೆ, ಮಾಡಿದವನ ಸ್ಥಾನ ಎಲ್ಲಿತ್ತೆಂದು ಬಿಡಿಸಿ ಹೇಳಬೇಕೆ?

ಐವತ್ತೊಂದು ರೇಜರುಗಳು

ಹಡಪದ ಕತ್ತಿಯ ಕಷ್ಟ ಬರೀ ಸಾಮಾಜಿಕವಾದದ್ದಲ್ಲ. ಅದನ್ನು ಸಾಣೆ ಹಿಡಿಯಬೇಕು, ಚರ್ಮದ ಪಟ್ಟಿಯ ಮೇಲೆ ತೀಡಬೇಕು, ಅಲುಗದ ಕೈಯಲ್ಲಿ ಹಿಡಿಯಬೇಕು. ಸ್ವಲ್ಪ ತಪ್ಪಿದರೂ ರಕ್ತ. ಈ ಅಪಾಯ ತಗ್ಗಿಸಲು 18ನೇ ಶತಮಾನದಲ್ಲೇ ಫ್ರಾನ್ಸಿನ ಝಾನ್ ಝಾಕ್ ಪೆರೆ ಎಂಬ ಚಾಕು ತಯಾರಕ ಕತ್ತಿಯ ಅಂಚಿಗೆ ಮರದ ತಡೆ ಕೂಡಿಸಿದ್ದ. 1880ರಲ್ಲಿ ನ್ಯೂಯಾರ್ಕಿನ ಕಾಂಪ್ಫ್ ಸಹೋದರರು ಗುದ್ದಲಿಯಂತೆ ಹಿಡಿಗೆ ಅಡ್ಡಲಾಗಿ ತಲೆ ಇರುವ ಸೇಫ್ಟಿ ರೇಜರಿಗೆ ಪೇಟೆಂಟ್ ಪಡೆದರು. ಆದರೆ ಅದರ ಅಲಗು ದಪ್ಪನೆಯದು. ಅದನ್ನೂ ಆಗಾಗ ಹೊರತೆಗೆದು ಸಾಣೆ ಹಿಡಿಯಬೇಕಾಗಿತ್ತು.

ಈ ಸಾಣೆಯ ಕಾಟವನ್ನೇ ಇಲ್ಲವಾಗಿಸಿದವನು ಕಿಂಗ್ ಕ್ಯಾಂಪ್ ಜಿಲೆಟ್. ಆತ ಎಂಜಿನಿಯರ್ ಅಲ್ಲ. ಬಾಟಲಿಯ ಮುಚ್ಚಳ ತಯಾರಿಸುವ ಕಂಪೆನಿಯ ಮಾರಾಟಗಾರ. ಒಮ್ಮೆ ಬಳಸಿ ಎಸೆಯುವ ವಸ್ತುವನ್ನು ಕಂಡುಹಿಡಿದರೆ ಗಿರಾಕಿ ಮತ್ತೆ ಮತ್ತೆ ಬರುತ್ತಾನೆ ಎಂದು ಮುಚ್ಚಳ ಕಂಡುಹಿಡಿದ ವಿಲಿಯಂ ಪೇಂಟರ್ ಅವನಿಗೆ ಹೇಳಿದ್ದನಂತೆ. 1895ರಲ್ಲಿ ಒಂದು ಬೆಳಗ್ಗೆ ಮೊಂಡಾದ ಕತ್ತಿ ಹಿಡಿದು ಕನ್ನಡಿಯ ಮುಂದೆ ನಿಂತಿದ್ದಾಗ ಜಿಲೆಟ್‌ಗೆ ಉಪಾಯ ಹೊಳೆಯಿತು. ಕತ್ತಿಯಲ್ಲಿ ಕೆಲಸ ಮಾಡುವುದು ಅಂಚು ಮಾತ್ರ. ಉಳಿದ ಉಕ್ಕೆಲ್ಲ ಆ ಅಂಚನ್ನು ಹಿಡಿದು ನಿಲ್ಲಿಸುವುದಕ್ಕೆ. ಹಿಡಿದು ನಿಲ್ಲಿಸುವ ಕೆಲಸವನ್ನು ಬೇರೆ ಲೋಹದಿಂದ ಮಾಡಿಸಿದರೆ, ಕಾಗದದಂಥ ಉಕ್ಕಿನ ತಗಡು ಸಾಕಲ್ಲವೇ?

ಹೇಳುವುದು ಸುಲಭವಾಗಿತ್ತು. ಅಷ್ಟು ತೆಳುವಾದ ಉಕ್ಕನ್ನು ಸೊಟ್ಟಗಾಗದಂತೆ ಹದಗೊಳಿಸಲು ಸಾಧ್ಯವೇ ಇಲ್ಲವೆಂದು ಬಲ್ಲವರು ಹೇಳಿದರು. ಅದನ್ನು ಸಾಧಿಸಿದವನು ವಿಲಿಯಂ ನಿಕರ್‌ಸನ್ ಎಂಬ ತಂತ್ರಜ್ಞ. 1901ರಲ್ಲಿ ಬೋಸ್ಟನ್ನಿನಲ್ಲಿ ಕಂಪೆನಿ ಹುಟ್ಟಿತು. ಮಾರಾಟ ಆರಂಭವಾದ 1903ರಲ್ಲಿ ಹೋದದ್ದು 51 ರೇಜರು, 168 ಬ್ಲೇಡು. ಮರುವರ್ಷ 90 ಸಾವಿರಕ್ಕೂ ಹೆಚ್ಚು ರೇಜರು ಮಾರಾಟವಾಯಿತು. 1904ರ ನವೆಂಬರ್ 15ರಂದು ಪೇಟೆಂಟ್ ಸಿಕ್ಕಿತು. ಮೊದಲ ಮಹಾಯುದ್ಧಕ್ಕೆ ಅಮೆರಿಕ ಇಳಿದಾಗ ಅಲ್ಲಿನ ಸರ್ಕಾರ ಸೈನಿಕರಿಗೆಂದು ಸುಮಾರು 35 ಲಕ್ಷ ರೇಜರು, 3.2 ಕೋಟಿ ಬ್ಲೇಡು ಕೊಂಡಿತು. ವಿಷಾನಿಲದ ಮುಖವಾಡ ಕೆನ್ನೆಗೆ ಅಂಟಿ ಕೂರಬೇಕಾದರೆ ಗಡ್ಡ ಇರಬಾರದಾಗಿತ್ತು. ಯುದ್ಧ ಮುಗಿಸಿ ಮನೆಗೆ ಬಂದವರು ಜೊತೆಗೆ ದಿನಾ ತಾವೇ ಕ್ಷೌರ ಮಾಡಿಕೊಳ್ಳುವ ಅಭ್ಯಾಸವನ್ನೂ ತಂದರು.

ಈ ರೇಜರಿನ ಗುಟ್ಟು ಸರಳ. ಮೇಲೊಂದು ಬಾಗಿದ ಮುಚ್ಚಳ, ಕೆಳಗೊಂದು ಹಲ್ಲಿನ ಅಥವಾ ಪಟ್ಟಿಯ ತಡೆ, ಮತ್ತೊಂದು ಹಿಡಿ. ಹಿಡಿ ತಿರುಗಿಸಿ ಬಿಗಿ ಮಾಡಿದಾಗ ಮಧ್ಯದ ಬ್ಲೇಡು ಕಮಾನಿನಂತೆ ಬಾಗುತ್ತದೆ. ನೆಟ್ಟಗಿದ್ದಾಗ ಬಳುಕುವ ತಗಡು ಬಾಗಿದಾಗ ಬಿರುಸಾಗುತ್ತದೆ. ಹಾಳೆಯೊಂದನ್ನು ಸ್ವಲ್ಪ ಮಡಚಿ ಹಿಡಿದರೆ ಅದು ಜೋಲುಬೀಳದೆ ನಿಲ್ಲುವಂತೆಯೇ ಇದು. ಅಂಚಿನ ಎಳೆಯಷ್ಟು ಭಾಗ ಮಾತ್ರ ಹೊರಗೆ ಇಣುಕುತ್ತದೆ, ತಡೆ ಚರ್ಮವನ್ನು ಕಾಯುತ್ತದೆ. ಇಂದಿನ ಇಬ್ಬದಿಯ ಬ್ಲೇಡಿನ ದಪ್ಪ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ.

ಚಿನ್ನದ ನಾಡಿನ ನಂಟು

ಬೋಸ್ಟನ್ನಿನಲ್ಲಿ ರೇಜರಿನ ಕಾರ್ಖಾನೆ ಕಣ್ಣುಬಿಡುತ್ತಿದ್ದಾಗ ಕೋಲಾರ ಸೀಮೆಯೂ ಸುಮ್ಮನೆ ಕುಳಿತಿರಲಿಲ್ಲ. ಕೋಲಾರ ಪಟ್ಟಣದಿಂದ ಸುಮಾರು 30 ಕಿಲೋಮೀಟರ್ ದೂರದ ಚಿನ್ನದ ಗಣಿಗಳಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪೆನಿ 1880ರಿಂದ ಕೆಲಸ ನಡೆಸಿತ್ತು. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ ಗಣಿಗೆ ರೈಲು ಬಂದಿತ್ತು. 1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಹರಿದು ಗಣಿಗೆ ತಲುಪಿತು. ಜಿಲೆಟ್ ತನ್ನ ಮೊದಲ ರೇಜರನ್ನು ಮಾರಿದ್ದು ಅದರ ಮರುವರ್ಷ.

ಇಲ್ಲಿನ ಚಿನ್ನಕ್ಕೂ ರೇಜರಿನ ಗಿಲೀಟಿಗೂ ರಸಾಯನಶಾಸ್ತ್ರದ ಒಂದು ನಂಟಿದೆ. ಮುಳಬಾಗಿಲಿನಲ್ಲಿ ಡಿ.ವಿ. ಗುಂಡಪ್ಪನವರು ಹುಟ್ಟಿದ 1887ರಲ್ಲೇ ಗ್ಲಾಸ್ಗೋ ನಗರದಲ್ಲಿ ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟ್ ಸಹೋದರರು ಸಯನೈಡ್ ದ್ರಾವಣದಲ್ಲಿ ಅದಿರಿನ ಚಿನ್ನವನ್ನು ಕರಗಿಸಿ ತೆಗೆಯುವ ವಿಧಾನ ಕಂಡುಹಿಡಿದರು. ಆ ವಿಧಾನ ಕೋಲಾರದ ಗಣಿಗಳಿಗೂ ಬಂತು. ಇಂದಿಗೂ ಕೆ.ಜಿ.ಎಫ್. ಸುತ್ತ ನಿಂತಿರುವ, ಗಾಳಿಗೆ ದೂಳೆಬ್ಬಿಸುವ ಸಯನೈಡ್ ದಿಬ್ಬಗಳು ಅದರ ಉಳಿಕೆ. ಇತ್ತ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಎಲ್ಕಿಂಗ್‌ಟನ್ ಸಂಸ್ಥೆ 1840ರಲ್ಲೇ ಸಯನೈಡ್ ದ್ರಾವಣದಲ್ಲಿ ಚಿನ್ನ, ಬೆಳ್ಳಿ ಕರಗಿಸಿ, ವಿದ್ಯುತ್ತು ಹರಿಸಿ ಕೀಳು ಲೋಹದ ಮೇಲೆ ಕೂರಿಸುವುದಕ್ಕೆ ಪೇಟೆಂಟ್ ಪಡೆದಿತ್ತು. ಮಣ್ಣಿನಿಂದ ಚಿನ್ನವನ್ನು ಬಿಡಿಸುವುದೂ ಸಯನೈಡೇ, ಹಿತ್ತಾಳೆಗೆ ಚಿನ್ನವನ್ನು ಹೊದಿಸುವುದೂ ಸಯನೈಡೇ.

ಸುಮಾರು 120 ವರ್ಷಗಳಲ್ಲಿ ಈ ಗಣಿಗಳಿಂದ 800 ಟನ್ನಿಗೂ ಮೀರಿ ಚಿನ್ನ ಹೊರಬಂತು. ಬ್ರಿಟಿಷರ ಕಾಲದಲ್ಲಿ ಅದು ಹೋದದ್ದು ಲಂಡನ್ನಿಗೆ. ಅಲ್ಲಿಂದ ಅದು ಯಾವ ಯಾವ ರೂಪ ತಾಳಿತೆಂದು ಹಿಂಬಾಲಿಸಲಾಗದು. ಆದರೆ ಅದನ್ನು ಅಗೆದವರು ಯಾರೆಂಬುದು ಗೊತ್ತು. ಅವರಲ್ಲಿ ಬಹುಪಾಲು ಉತ್ತರ ಆರ್ಕಾಟು, ಚಿತ್ತೂರು ಕಡೆಗಳಿಂದ ಬಂದ ತಮಿಳು, ತೆಲುಗು ಮಾತನಾಡುವ ಬಡವರು. ಊರಿನ ಕತ್ತಿ ಯಾರ ಕೆನ್ನೆ ಮುಟ್ಟುತ್ತಿರಲಿಲ್ಲವೋ ಆ ದಲಿತ ಸಮುದಾಯದವರೇ ಅವರಲ್ಲಿ ಹೆಚ್ಚು. 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ಕೈಗೆ ಬಂದವು, 1962ರಲ್ಲಿ ಕೇಂದ್ರಕ್ಕೆ ಹೋದವು, 2001ರ ಫೆಬ್ರುವರಿ 28ರಂದು ಮುಚ್ಚಿದವು.

ಬೆಳಗುವುದಲ್ಲ, ತೊಳೆಯುವುದು

ಈಗ ಗೂಡಿನಲ್ಲಿ ಸಿಕ್ಕ ರೇಜರಿಗೆ ಮರಳೋಣ. ಅದನ್ನು ಹದಕ್ಕೆ ತರುವುದು ಕಷ್ಟದ ಕೆಲಸವಲ್ಲ, ತಾಳ್ಮೆಯ ಕೆಲಸ.

ಮೊದಲು ಒಳಗೆ ಹಳೆಯ ಬ್ಲೇಡು ಉಳಿದಿದೆಯೇ ನೋಡಬೇಕು. ತುಕ್ಕು ಹಿಡಿದ ಬ್ಲೇಡು ಕೈಗೆ ಅಪಾಯ, ಅದನ್ನು ಕಾಗದದಲ್ಲಿ ಸುತ್ತಿ ಬೇರೆ ಇಡಬೇಕು. ಆಮೇಲೆ ಲೋಹ ಯಾವುದೆಂದು ತಿಳಿಯಬೇಕು. ತೂಕವಾಗಿದ್ದು, ಸವೆದ ಕಡೆ ಹಳದಿ ಕಂಡರೆ ಒಳಗೆ ಹಿತ್ತಾಳೆ. ಹಗುರವಾಗಿ ಬೂದು ಬಣ್ಣವಿದ್ದರೆ ಅಲ್ಯುಮಿನಿಯಂ ಇರಬಹುದು. ಅದಕ್ಕೆ ವಾಷಿಂಗ್ ಸೋಡಾ ತಗುಲಿಸಿದರೆ ಲೋಹವನ್ನೇ ತಿನ್ನುತ್ತದೆ. ಬೇಕಲೈಟ್ ಹಿಡಿಯಾದರೆ ಕುದಿಯುವ ನೀರು ಕೂಡದು.

ತಲೆಯಲ್ಲಿ ಕುಳಿತಿರುವ ಬಿಳಿಯ ಗಾರೆಯಂಥದ್ದು ಏನು? ನಿರಂತರ ಹರಿಯುವ ನದಿಯಿಲ್ಲದ ಕೋಲಾರ ಜಿಲ್ಲೆಯಲ್ಲಿ ಜನ ನಂಬಿದ್ದು ಕೆರೆ, ಬಾವಿಗಳನ್ನು, ಆಮೇಲೆ ಸಾವಿರ ಅಡಿಗೂ ಆಳಕ್ಕೆ ಇಳಿದ ಕೊಳವೆ ಬಾವಿಗಳನ್ನು. ಈ ಗಡಸು ನೀರಿನಲ್ಲಿರುವ ಸುಣ್ಣದ ಅಂಶ ಸೋಪಿನ ಜೊತೆ ಸೇರಿ ಕರಗದ ಗಸಿಯಾಗುತ್ತದೆ. ಬಟ್ಟೆ ಒಗೆಯುವ ಹೆಣ್ಣುಮಕ್ಕಳಿಗೆಲ್ಲ ಗೊತ್ತಿರುವ ವಿಷಯವಿದು. ವರ್ಷಗಟ್ಟಲೆ ದಿನವೂ ಒಂದೊಂದು ಪದರವಾಗಿ ಕೂತ ಆ ಗಸಿಯೇ ರೇಜರಿನ ಮೇಲಿನ ಗಾರೆ. ಅದು ಈ ಊರಿನ ನೀರಿನ ಗುರುತು. ಅದನ್ನು ತೆಗೆಯಲು ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವ ಎರಡು ಹನಿ ಹಾಕಿ, ರೇಜರನ್ನು ಅರ್ಧ ಗಂಟೆ ನೆನೆಸಿ, ಮೆತ್ತನೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರೆ ಬಹುಪಾಲು ಸಾಕು. ಹೋಗದಿದ್ದರೆ ಇನ್ನೊಮ್ಮೆ ನೆನೆಸಬೇಕು. ಸುಣ್ಣ ಬಹಳ ಗಟ್ಟಿಯಾಗಿದ್ದರೆ ಮಾತ್ರ ವಿನೆಗರಿಗೆ ನೀರು ಬೆರೆಸಿ, ಹತ್ತಿಯಿಂದ ಆ ಜಾಗಕ್ಕಷ್ಟೇ ಒಂದೆರಡು ನಿಮಿಷ ಸವರಿ ಕೂಡಲೇ ತೊಳೆಯಬೇಕು.

ಹುಣಸೆಹಣ್ಣು ಯಾಕೆ ಬೇಡ? ಹುಳಿಗೆ ಚಿನ್ನ ಕರಗುವುದಿಲ್ಲ, ನಿಜ. ಆದರೆ ಗಿಲೀಟು ಸವೆದ ತೂತುಗಳಲ್ಲಿ ಹುಳಿ ಇಳಿದು ಅಡಿಯ ಹಿತ್ತಾಳೆಯನ್ನು ತಿಂದರೆ ಮೇಲಿನ ಪದರ ಏಳುತ್ತದೆ. ಬೂದಿ, ಇಟ್ಟಿಗೆ ಪುಡಿ, ಉಪ್ಪುಕಾಗದ, ಲೋಹ ಹೊಳಪಿಸುವ ಪೇಸ್ಟು ಇವೆಲ್ಲ ಮೇಲ್ಮೈಯನ್ನು ತೇಯ್ದೇ ಹೊಳಪು ಕೊಡುವಂಥವು. ರೇಜರಿನ ಚಿನ್ನದ ಗಿಲೀಟು ಎಷ್ಟೋ ಬಾರಿ ಕೂದಲಿನ ದಪ್ಪದ ನೂರನೇ ಒಂದು ಪಾಲಿನಷ್ಟೂ ಇರುವುದಿಲ್ಲ. ಇಬ್ಬರು ಮೂವರು ಉತ್ಸಾಹದಿಂದ ಬೆಳಗಿದರೆ ಮುಗಿಯಿತು.

ಬಿಚ್ಚಲು ಬಾರದ ರೇಜರಿಗೆ ಇಕ್ಕಳ ಹಾಕಬಾರದು. ಆರಂಭದ ಕಾಲದ ಟೊಳ್ಳು ಹಿಡಿಗಳು ಬಿಗಿ ಮಾಡಿದ ಕಡೆ ಉದ್ದಕ್ಕೆ ಸೀಳುವುದು ಸಾಮಾನ್ಯ. ಮತ್ತೆ ನೆನೆಸಿ, ತಿರುಪಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಟ್ಟು, ಒಂದು ರಾತ್ರಿ ಕಾಯಬೇಕು. ಹಿಡಿಯ ತುದಿ ತಿರುಗಿಸಿದರೆ ಎರಡು ಬಾಗಿಲುಗಳಂತೆ ತೆರೆಯುವ ರೇಜರುಗಳು 1930ರ ದಶಕದ ನಡುವೆ ಬಂದವು. ಅವುಗಳ ಕೀಲಿಗೂ ಇದೇ ಉಪಚಾರ. ಒಣಗಿದ ಮೇಲೆ ಸ್ಪಿರಿಟ್ಟಿನಿಂದ ಒರೆಸಿ, ಹೊಸ ಬ್ಲೇಡು ಹಾಕಿ, ಎರಡೂ ಬದಿಯಲ್ಲಿ ಅಂಚು ಸಮನಾಗಿ ಇಣುಕುತ್ತಿದೆಯೇ ಎಂದು ಕಣ್ಣ ಮಟ್ಟಕ್ಕೆ ಹಿಡಿದು ನೋಡಬೇಕು. ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಇದ್ದರೆ ತಲೆ ಸೊಟ್ಟಗಾಗಿದೆ ಎಂದರ್ಥ. ಅಂಥದ್ದು ಕಪಾಟಿನಲ್ಲಿಡಲು ಸರಿ, ಕೆನ್ನೆಗಲ್ಲ.

ಕೊಳೆ ಹೋದ ಮೇಲೆ ಅಕ್ಷರಗಳು ಕಾಣುತ್ತವೆ. ತಯಾರಕರ ಮುದ್ರೆ, ದೇಶದ ಹೆಸರು, ಪೇಟೆಂಟಿನ ದಿನಾಂಕ, ಕೆಲವದರಲ್ಲಿ ಕ್ರಮಸಂಖ್ಯೆ. ಅಮೆರಿಕದಲ್ಲಿ ತಯಾರಾದ ಜಿಲೆಟ್ ರೇಜರುಗಳಲ್ಲಿ 1950ರ ದಶಕದಿಂದ ಒಂದು ಅಕ್ಷರ, ಒಂದು ಅಂಕಿ ಇರುತ್ತದೆ. ಅಕ್ಷರ ವರ್ಷವನ್ನೂ ಅಂಕಿ ವರ್ಷದ ಯಾವ ಕಾಲು ಭಾಗವೆಂಬುದನ್ನೂ ಹೇಳುತ್ತದೆ. 'ಎ' ಎಂದರೆ 1955, ಮುಂದೆ 'ಒಂದು' ಇದ್ದರೆ ಆ ವರ್ಷದ ಮೊದಲ ಮೂರು ತಿಂಗಳು. ಉಪ್ಪುಕಾಗದ ಹಾಕಿ ಉಜ್ಜಿದವರು ಮೊದಲು ಅಳಿಸುವುದು ಈ ಗೆರೆಗಳನ್ನೇ. ಹೊಸ ಗಿಲೀಟು ಹಾಕಿಸುವವರೂ ಇದನ್ನು ನೆನಪಿಡಬೇಕು. ಹೊಸ ಲೇಪಕ್ಕೆ ಮುಂಚೆ ಹಳೆಯ ಮೈಯನ್ನು ತೇಯ್ದು ನಯ ಮಾಡಲೇಬೇಕು. ದಿನಾ ಬಳಸುವ ಇರಾದೆ ಇದ್ದರೆ ಅದು ಸರಿ. ತಾತನ ಹೆಬ್ಬೆರಳು ಸವೆಸಿದ ಗುರುತು ಬೇಕೆಂದರೆ ಹಾಗೆಯೇ ಬಿಡುವುದು ಲೇಸು.

ಗಡ್ಡ ಬೇರೆ, ತಲೆಗೂದಲು ಬೇರೆ

ಸ್ವಾತಂತ್ರ್ಯದ ನಂತರ ಆಮದಿಗೆ ಕಡಿವಾಣ ಬಿದ್ದು ದೇಶದಲ್ಲೇ ತಯಾರಾದ ಬ್ಲೇಡುಗಳು ಅಂಗಡಿ ಸೇರಿದವು. ಭಾರತ್, ಟೋಪಾಜ್ ಮುಂತಾದ ಹೆಸರುಗಳು ಮನೆಮಾತಾದವು. ಕಾರ್ಬನ್ ಉಕ್ಕಿನ ಬ್ಲೇಡು ಎರಡು ಮೂರು ಸಲಕ್ಕೆ ಮೊಂಡಾಗುತ್ತಿತ್ತು, ಒದ್ದೆಯಾಗಿ ಬಿಟ್ಟರೆ ತುಕ್ಕು. ಗಾಜಿನ ಲೋಟದ ಒಳಮೈಗೆ ತೀಡಿ ಇನ್ನೆರಡು ಸಲ ಬಳಸುತ್ತಿದ್ದವರು ಅನೇಕ. ಇಂಗ್ಲೆಂಡಿನ ವಿಲ್ಕಿನ್‌ಸನ್ ಸ್ವೋರ್ಡ್ ಕಂಪೆನಿ 1962ರಲ್ಲಿ ಲೇಪವುಳ್ಳ ತುಕ್ಕುರಹಿತ ಬ್ಲೇಡು ತಂದ ಮೇಲೆ ಈ ಪಾಡು ತಪ್ಪಿತು. ಮೊಂಡು ಬ್ಲೇಡಿಗೂ ಕೆಲಸವಿತ್ತು. ಪೆನ್ಸಿಲು ಹೆರೆಯಲು, ಹೊಲಿಗೆ ಬಿಚ್ಚಲು, ಉಗುರು ಕತ್ತರಿಸಲು ಅದೇ. ಜನರ ದುಡ್ಡು ನುಂಗಿ ಓಡಿಹೋಗುವ ಸಂಸ್ಥೆಗಳಿಗೆ 'ಬ್ಲೇಡ್ ಕಂಪೆನಿ' ಎಂದು ಹೆಸರಿಡುವಷ್ಟರ ಮಟ್ಟಿಗೆ ಬ್ಲೇಡು ಕನ್ನಡದ ಬಾಯಲ್ಲಿ ನೆಲೆಯೂರಿತು.

ರೇಜರು ಕೈಗೆ ಬಂದದ್ದರಿಂದ ಆದ ದೊಡ್ಡ ಬದಲಾವಣೆ ಯಾವುದು? ಗಡ್ಡ ತೆಗೆಯುವುದಕ್ಕೆ ಇನ್ನೊಬ್ಬರನ್ನು ಕಾಯಬೇಕಾಗಿಲ್ಲ, ವಾರ, ತಿಥಿ ನೋಡಬೇಕಾಗಿಲ್ಲ, ಯಾರ ಅಪ್ಪಣೆಯೂ ಬೇಕಾಗಿಲ್ಲ. ಊರಿನ ಕ್ಷೌರಿಕ ಯಾರ ಮುಖ ಮುಟ್ಟುತ್ತಿರಲಿಲ್ಲವೋ ಅವರಿಗೆ ಇದೇನು ಸಣ್ಣ ಸಂಗತಿಯಲ್ಲ. ಒಂದು ರೇಜರು, ಒಂದು ಕನ್ನಡಿ ಇದ್ದರೆ ಶಾಲೆಗೋ ಕಚೇರಿಗೋ ನುಣ್ಣಗೆ ಕ್ಷೌರ ಮಾಡಿಕೊಂಡು ಹೋಗಬಹುದಾಗಿತ್ತು.

ಆದರೆ ಯಂತ್ರದ ಕೈಲಾಗುವುದು ಅಷ್ಟೇ. ತನ್ನ ಗಡ್ಡವನ್ನು ತಾನು ತೆಗೆದುಕೊಳ್ಳಬಹುದು, ತನ್ನ ತಲೆಗೂದಲನ್ನು ತಾನೇ ಕತ್ತರಿಸಿಕೊಳ್ಳಲು ಬರುವುದಿಲ್ಲ. ಅದಕ್ಕೆ ಇನ್ನೊಬ್ಬ ಮನುಷ್ಯನ ಕೈ ಬೇಕೇ ಬೇಕು. ಆ ಕೈ ಹಿಂದೆಗೆದರೆ ಏನು ಮಾಡಬೇಕು? ಅದಕ್ಕೆ ಉತ್ತರ ಬೋಸ್ಟನ್ನಿನ ಕಾರ್ಖಾನೆಯಿಂದ ಬರುವಂತಿರಲಿಲ್ಲ, ಕಾನೂನಿನಿಂದ ಬರಬೇಕಾಗಿತ್ತು. ಅಂಗಡಿ, ಹೋಟೆಲುಗಳಲ್ಲಿ ಭೇದ ಕೂಡದೆಂಬ ವಿಧಿ 1948ರ ನವೆಂಬರಿನಲ್ಲಿ ಸಂವಿಧಾನ ಸಭೆಯ ಮುಂದೆ ಬಂದಾಗ, 'ಅಂಗಡಿ' ಎಂಬ ಪದವನ್ನು ಸೇವೆ ನೀಡುವ ಜಾಗಗಳೂ ಸೇರುವಂತೆ ವಿಶಾಲ ಅರ್ಥದಲ್ಲಿ ಬಳಸಲಾಗಿದೆ ಎಂದು ಡಾ. ಅಂಬೇಡ್ಕರ್ ವಿವರಿಸಿದರು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಇನ್ನೂ ಬಿಡಿಸಿ ಹೇಳಿತು. ಅಂಗಡಿ ಎಂದರೆ ಬಟ್ಟೆ ಒಗೆಯುವ ಜಾಗವೂ ಹೌದು, ಕ್ಷೌರದಂಗಡಿಯೂ ಹೌದು. 1976ರಲ್ಲಿ ಇದೇ ಕಾಯ್ದೆ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂಬ ಹೆಸರು ಪಡೆಯಿತು.

ಕಾನೂನು ಬಂದು ಏಳು ದಶಕಗಳಾದವು. ಆದರೂ 2020ರಲ್ಲಿ ನಂಜನಗೂಡು ತಾಲ್ಲೂಕಿನ ಹಲ್ಲರೆ ಗ್ರಾಮದಲ್ಲಿ, ದಲಿತರಿಗೆ ಕ್ಷೌರ ಮಾಡಿದರೆಂಬ ಕಾರಣಕ್ಕೆ ಕ್ಷೌರಿಕರೊಬ್ಬರಿಗೆ ದಂಡ ಹಾಕಿ ಬಹಿಷ್ಕರಿಸಿದ ಆರೋಪ ಪತ್ರಿಕೆಗಳಲ್ಲಿ ಬಂತು. ಅಲ್ಲಿ ಬಾಗಿಲು ಮುಚ್ಚಲು ಹೊರಟವರು ಕ್ಷೌರಿಕರಲ್ಲ, ತೆರೆದ ಬಾಗಿಲಿಗಾಗಿ ಪೆಟ್ಟು ತಿಂದವರು. ಹಳೆಯ ಕಾಲದ ಆಯ ನಿಲ್ಲಿಸುವ ಬೆದರಿಕೆಯೇ ಹೊಸ ವೇಷದಲ್ಲಿ ಬಂದಂತಿತ್ತು.

ಅರ್ಧ ಬ್ಲೇಡಿನ ನ್ಯಾಯ

ಸೇಫ್ಟಿ ರೇಜರು ಕ್ಷೌರಿಕರ ಅನ್ನ ಕಸಿಯಿತೇ? ಸ್ವಲ್ಪಮಟ್ಟಿಗೆ ಕಸಿದದ್ದು ಹೌದು. ದಿನಗಡ್ಡದ ಗಿರಾಕಿ ಮನೆಯಲ್ಲೇ ಉಳಿದ. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. 1986ರಲ್ಲಿ ಮದರಾಸಿನಲ್ಲಿ ದೇಶದ ಮೊದಲ ಎಚ್.ಐ.ವಿ. ಸೋಂಕು ಪತ್ತೆಯಾದ ಮೇಲೆ, ಒಬ್ಬರಿಗೆ ಬಳಸಿದ ಕತ್ತಿ ಇನ್ನೊಬ್ಬರಿಗೆ ಬೇಡವೆಂಬ ಎಚ್ಚರ ಹಳ್ಳಿಹಳ್ಳಿಗೂ ಹಬ್ಬಿತು. ಸಾಣೆ ಹಿಡಿಯುವ ಹಳೆಯ ಕತ್ತಿ ಹಿಂದೆ ಸರಿದು, ಬ್ಲೇಡು ಸಿಕ್ಕಿಸುವ ಕತ್ತಿ ಸಲೂನುಗಳಿಗೆ ಬಂತು. ಇಬ್ಬದಿಯ ಬ್ಲೇಡನ್ನು ಪೊಟ್ಟಣದಲ್ಲೇ ಲಟಕ್ಕನೆ ಮುರಿದು, ಗಿರಾಕಿಯ ಕಣ್ಣೆದುರಿಗೇ ಅರ್ಧವನ್ನು ಸಿಕ್ಕಿಸಿ, ಕೆಲಸ ಮುಗಿದ ಮೇಲೆ ಎಸೆಯುವುದು ಈಗ ಎಲ್ಲ ಕಡೆಯ ಪದ್ಧತಿ. ಮುಳಬಾಗಿಲಿನ ಹಾದಿಯಲ್ಲಿ ತಿರುಪತಿಗೆ ಹೋಗಿ ಮುಡಿ ಕೊಡುವವರಿಗೂ ಕಲ್ಯಾಣಕಟ್ಟೆಯಲ್ಲಿ ತಲೆ ಬೋಳಿಸುವುದು ಇದೇ ಅರ್ಧ ಬ್ಲೇಡು. ಹಳ್ಳಿಯ ಸೂಲಗಿತ್ತಿಯರಿಗೆ ಕೊಟ್ಟ ಹೆರಿಗೆಯ ಪೊಟ್ಟಣದಲ್ಲೂ ಹೊಕ್ಕುಳಬಳ್ಳಿ ಕತ್ತರಿಸಲು ಒಂದು ಹೊಸ ಬ್ಲೇಡು ಇರುತ್ತಿತ್ತು.

ಕ್ಷೌರಿಕನ ನೆರವಿಲ್ಲದೆ ಗಡ್ಡ ತೆಗೆಯಲೆಂದು ಹುಟ್ಟಿದ ಬ್ಲೇಡು ಕೊನೆಗೆ ಕ್ಷೌರಿಕನ ಕೈಗೇ ಬಂದು ಸೇರಿತು. ಬಂದದ್ದಷ್ಟ್ಟೇ ಅಲ್ಲ, ಒಂದು ಹಳೆಯ ನೆಪವನ್ನೂ ತೆಗೆದುಹಾಕಿತು. ಊರಿನವರಿಗೊಂದು ಕತ್ತಿ, ಕೇರಿಯವರಿಗೊಂದು ಕತ್ತಿ ಎಂಬ ಮಾತಿಗೆ ಈಗ ಅರ್ಥವಿಲ್ಲ. ಪ್ರತಿಯೊಬ್ಬರಿಗೂ ಹೊಸದೇ. ಇಷ್ಟಾದ ಮೇಲೂ ಯಾರನ್ನಾದರೂ ಕುರ್ಚಿಯಿಂದ ಎಬ್ಬಿಸಿದರೆ ಕಾರಣ ಕತ್ತಿಯಲ್ಲಿಲ್ಲ, ಮನಸ್ಸಿನಲ್ಲಿದೆ.

1970ರ ದಶಕದಿಂದ ಜೋಡಿ ಅಲಗಿನ ರೇಜರುಗಳು, ಆಮೇಲೆ ಇಡಿಯಾಗಿ ಎಸೆಯುವ ಪ್ಲಾಸ್ಟಿಕ್ ರೇಜರುಗಳು ಬಂದು ಹಿತ್ತಾಳೆಯ ರೇಜರನ್ನು ಗೂಡಿಗೆ ಸೇರಿಸಿದವು. ಆದರೆ ನೂರು ವರ್ಷದ ಹಿಂದಿನ ರೇಜರಿಗೂ ಇಂದು ಕಿರಾಣಿ ಅಂಗಡಿಯಲ್ಲಿ ಸಿಗುವ ಇಬ್ಬದಿಯ ಬ್ಲೇಡು ಬಹಳಷ್ಟು ಬಾರಿ ಸರಿಯಾಗಿ ಕೂರುತ್ತದೆ. ತೊಳೆದು ಒರೆಸಿದರೆ ಅದು ಮತ್ತೆ ಕೆಲಸಕ್ಕೆ ಸಿದ್ಧ. ಹಿಡಿಯಲ್ಲಿ ಅಲ್ಲಲ್ಲಿ ಗಿಲೀಟು ಹೋಗಿ ಹಿತ್ತಾಳೆ ಕಂಡರೆ ಕಾಣಲಿ. ಆ ಮನೆಯಲ್ಲಿ ಯಾರೋ ಒಬ್ಬರು ಒಂದು ಬೆಳಗ್ಗೆ ಜಗಲಿಯಲ್ಲಿ ಕಾಯುವುದನ್ನು ಬಿಟ್ಟು, ಕನ್ನಡಿಯ ಮುಂದೆ ನಿಂತು, ಮೊದಲ ಸಲ ತನ್ನ ಮುಖದ ಮೇಲೆ ತಾನೇ ಅಲಗು ಇಟ್ಟುಕೊಂಡದ್ದರ ಗುರುತು ಅದು. ಗಾರೆ ತೊಳೆಯಬಹುದು, ಆ ಗುರುತನ್ನು ಉಜ್ಜಿ ಅಳಿಸಬಾರದು.